ಹಲ್ಲುನೋವು ತಾನಾಗಿ ನಿಂತಿತು ಅಂತ ಖುಷಿಪಟ್ಟೆ, ಅಲ್ಲೇ ಎಡವಿದೆ

ನೀವು ಕೇಳಿದ್ದು ಎರಡು ವಿಷಯ. 2020ರ ಲಾಕ್‌ಡೌನ್‌ನಲ್ಲಿ ಹಲ್ಲುನೋವು ಬಂದ ಕೇರಳ-ಕರ್ನಾಟಕ ಗಡಿ ಕಡೆಯವರು ಏನು ಮಾಡಿದಿರಿ? ಮತ್ತೆ, ಮನೆ ಮಂಜೇಶ್ವರದಲ್ಲಿ, ಹಲ್ಲಿನ ಡಾಕ್ಟ್ರು ಮಂಗಳೂರಿನಲ್ಲಿ ಅಂತ ಇರುವವರು ಇನ್ನೊಮ್ಮೆ ಎಲ್ಲ ಮುಚ್ಚಿದರೆ ಏನು ಮಾಡಬೇಕು? ನಾನು ಡಾಕ್ಟರ್ ಅಲ್ಲ, ಅಡಿಕೆ ತೋಟದವನು. ಆದರೆ ಆ ಏಪ್ರಿಲ್‌ನಲ್ಲಿ ಒಂದು ದವಡೆ ಹಲ್ಲು ಕಳೆದುಕೊಂಡಿದ್ದೇನೆ. ಆ ಅರ್ಹತೆಯ ಮೇಲೆ ಬರೆಯುತ್ತಿದ್ದೇನೆ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ. ಜ್ವರ, ಶೀತಕ್ಕೆ ಬದಿಯಡ್ಕ. ಅದಕ್ಕಿಂತ ದೊಡ್ಡದಾದರೆ ಮಂಗಳೂರು. ಹಲ್ಲಿಗೆ ಮಂಗಳೂರಿನ ಹತ್ತಿರದ ದೇರಳಕಟ್ಟೆ. ಅಲ್ಲಿ ಡೆಂಟಲ್ ಕಾಲೇಜುಗಳಿವೆ, ಖರ್ಚು ಕಡಿಮೆ, ಕನ್ನಡ ತುಳುವಿನಲ್ಲೇ ಮಾತು ಮುಗಿಯುತ್ತದೆ. ತಲಪಾಡಿಯಲ್ಲಿ ರಾಜ್ಯ ಬದಲಾಗುತ್ತದೆ ಅನ್ನುವುದು ಬಸ್ಸಿನಲ್ಲಿ ನಿದ್ದೆ ಮಾಡುತ್ತಿದ್ದ ನಮಗೆ ಯಾವತ್ತೂ ಲೆಕ್ಕಕ್ಕೇ ಬಂದಿರಲಿಲ್ಲ.

2020ರ ಮಾರ್ಚ್‌ನಲ್ಲಿ ಕೋವಿಡ್ ಬಂತು. ತಿಂಗಳ ಕೊನೆಗೆ ಇಡೀ ಕೇರಳದಲ್ಲಿ ಅತಿ ಹೆಚ್ಚು ಕೇಸು ನಮ್ಮ ಕಾಸರಗೋಡಿನಲ್ಲೇ. ಗಡಿ ಮುಚ್ಚಿತು. ಹೆದ್ದಾರಿಗೆ ಬ್ಯಾರಿಕೇಡ್, ಒಳರಸ್ತೆಗಳಿಗೆ ಮಣ್ಣಿನ ರಾಶಿ. ಡಯಾಲಿಸಿಸ್‌ನವರು, ಹೃದಯದ ತೊಂದರೆಯವರು ಈಚೆಗೆ ಸಿಕ್ಕಿಬಿದ್ದರು. ವಿಷಯ ಕೇರಳ ಹೈಕೋರ್ಟ್‌ಗೆ, ಅಲ್ಲಿಂದ ಸುಪ್ರೀಂ ಕೋರ್ಟ್‌ಗೆ ಹೋಯಿತು. ಏಪ್ರಿಲ್ 7ರ ನಂತರ ಕೋವಿಡ್ ಇಲ್ಲ ಅಂತ ಕಾಗದ ಇದ್ದ ತುರ್ತು ರೋಗಿಗಳಿಗೆ ತಲಪಾಡಿ ದಾಟುವ ದಾರಿ ಆಯಿತು. ಜನ ಜೀವ ಉಳಿಸಿಕೊಳ್ಳಲು ಆಂಬುಲೆನ್ಸ್‌ನಲ್ಲಿ ಕಾಯುವ ಜಾಗದಲ್ಲಿ ಹಲ್ಲುನೋವು ಅಂತ ಹೋಗಿ ನಿಲ್ಲುವ ಮುಖ ನನಗಿರಲಿಲ್ಲ.

ನನ್ನ ಕಥೆ ಶುರುವಾದದ್ದು ಹಲಸಿನಕಾಯಿ ಚಿಪ್ಸ್‌ನಿಂದ. ಲಾಕ್‌ಡೌನ್‌ನಲ್ಲಿ ನಮ್ಮ ಕಡೆ ಯಾರ ಮನೆಯಲ್ಲಿ ನೋಡಿದರೂ ಹಲಸೇ ಅಲ್ವಾ. ಒಂದು ಗಟ್ಟಿ ತುಂಡು ಅಗಿದಾಗ ಬಲಗಡೆ ಕೆಳಗಿನ ದವಡೆ ಹಲ್ಲಿನ ಹಳೇ ಸಿಮೆಂಟ್ ಎದ್ದು ಬಂತು. ಮೊದಲ ಎರಡು ದಿನ ತಣ್ಣೀರು ಕುಡಿದರೆ ಮಾತ್ರ ಜುಂ ಅನ್ನುತ್ತಿತ್ತು. ಆಮೇಲೆ ಬಿಸಿ ಚಹಾಕ್ಕೂ ಹಿಡಿದುಕೊಂಡಿತು, ಬಿಡಲು ಹತ್ತು ನಿಮಿಷ. ನಾಲ್ಕನೇ ರಾತ್ರಿಯಿಂದ ಮಲಗಿದರೆ ಸಾಕು, ಕಿವಿಯವರೆಗೆ ಡಬ್ ಡಬ್ ಅಂತ ಬಡಿತ. ಎದ್ದು ಕೂತರೆ ಸ್ವಲ್ಪ ಕಡಿಮೆ. ಎರಡು ರಾತ್ರಿ ಜಗಲಿಯ ಕುರ್ಚಿಯಲ್ಲೇ ಕಳೆದೆ.

ಇದರಲ್ಲಿ ಒಂದು ಸೂಕ್ಷ್ಮ ಉಂಟು, ಅದು ಆಗ ನನಗೆ ಗೊತ್ತಿರಲಿಲ್ಲ. ತಣ್ಣಗಿನದ್ದು ತಾಗಿದಾಗ ಜುಂ ಅಂದು ಕೂಡಲೇ ನಿಂತರೆ ಹಲ್ಲಿನ ಒಳಗಿನ ನರ ಇನ್ನೂ ಚೇತರಿಸಿಕೊಳ್ಳಬಹುದು, ಕೆಲವು ದಿನ ಕಾಯಬಹುದು. ಬಿಸಿಗೆ ನೋವು, ತುಂಬಾ ಹೊತ್ತು ನಿಲ್ಲುವ ನೋವು, ನಿದ್ದೆಯಿಂದ ಎಬ್ಬಿಸುವ ನೋವು ಬಂದರೆ ನರ ಕೈಬಿಟ್ಟ ಹಾಗೆ. ಅದಕ್ಕೆ ರೂಟ್ ಕೆನಾಲ್ ಅಥವಾ ಕೀಳಿಸುವುದು, ಎರಡೇ ದಾರಿ. ಮಾತ್ರೆ ಬರೀ ದಿನ ದೂಡಲು.

ನಾನು ಏನು ಮಾಡಿದೆ? ಮನೆಯಲ್ಲಿ ಅಮ್ಮನ ಕಾಲಿನ ಗಾಯಕ್ಕೆ ತಂದ ಆ್ಯಂಟಿಬಯೋಟಿಕ್ ಆರು ಉಳಿದಿತ್ತು. ಅದನ್ನು ನುಂಗಿದೆ. ಇದು ನಾನು ಮಾಡಿದ ಮೊದಲ ತಪ್ಪು. ನರದ ಉರಿ ಹಲ್ಲಿನ ಒಳಗೆ ಬಂದ್ ಆಗಿರುವ ಕೋಣೆಯಲ್ಲಿ ನಡೆಯುವ ಗಲಾಟೆ. ಅಲ್ಲಿಗೆ ರಕ್ತವೇ ಸರಿಯಾಗಿ ಹೋಗುವುದಿಲ್ಲ, ಮಾತ್ರೆ ಹೇಗೆ ಹೋಗುತ್ತದೆ? ಬಾವು, ಜ್ವರ ಇಲ್ಲದ ಬರೀ ಹಲ್ಲುನೋವಿಗೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಇದನ್ನು ಆಮೇಲೆ ಡಾಕ್ಟ್ರು ಹೇಳಿದಾಗ ನನಗೆ ನಂಬಲು ಕಷ್ಟ ಆಯಿತು. ಯಾಕೆಂದರೆ ನಮ್ಮಲ್ಲಿ ಹಲ್ಲುನೋವು ಅಂದರೆ ಮೆಡಿಕಲ್‌ನಲ್ಲಿ ಮೊದಲು ಕೊಡುವುದೇ ಅದು.

ಕೊನೆಗೆ ಪೇಟೆಯ ಒಬ್ಬ ಡೆಂಟಲ್ ಡಾಕ್ಟ್ರ ನಂಬರ್ ಸಿಕ್ಕಿತು. ಕ್ಲಿನಿಕ್ ಮುಚ್ಚಿದ್ದರು, ಫೋನ್ ಮಾತ್ರ ತೆಗೆಯುತ್ತಿದ್ದರು. ಮಲಯಾಳಿ. ನನಗೆ ಮಲಯಾಳ ವ್ಯಾಪಾರಕ್ಕೆ ಬೇಕಾದಷ್ಟು ಬರುತ್ತದೆ, ಹಲ್ಲುನೋವಿಗೆ ಬೇಕಾದಷ್ಟು ಬರುವುದಿಲ್ಲ. ಅವರು ಕೇಳಿದರು, 'ನೀರುಂಡೋ?' ಕುಡಿಯುವ ನೀರಿಗೆ ಅವರು ವೆಳ್ಳಂ ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನೋವಿನಲ್ಲಿ ಕಿವಿ ಕನ್ನಡವನ್ನೇ ಕೇಳಿಸಿಕೊಳ್ಳುತ್ತದೆ. 'ಉಂಟು ಡಾಕ್ಟ್ರೇ, ಬಾವಿಯಲ್ಲಿ ಬೇಕಾದಷ್ಟು ಉಂಟು' ಅಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮಲಯಾಳದಲ್ಲಿ ನೀರ್ ಅಂದರೆ ಬಾವು. ಕೆನ್ನೆ ಊದಿದೆಯಾ ಅಂತ ಅವರು ಕೇಳಿದ್ದು. ಅದು ಗೊತ್ತಾದ ಮೇಲೆ ಇಬ್ಬರೂ ನಕ್ಕೆವು. ನಗುವಾಗ ನನಗೆ ಜೀವ ಹೋಯಿತು, ಅದು ಬೇರೆ.

ಫೋಟೊ ಕಳಿಸಲು ಹೇಳಿದರು. ಬಾಯಿಯ ಒಳಗಿನ ಫೋಟೊ ತೆಗೆಯುವುದು ಸುಲಭ ಅಂತ ತಿಳಿದುಕೊಳ್ಳಬೇಡಿ. ಹೆಂಡತಿ ಒಂದು ಕೈಯಲ್ಲಿ ಸ್ಟೀಲ್ ಚಮಚದ ಹಿಡಿಯಿಂದ ಕೆನ್ನೆ ಎಳೆದು ಹಿಡಿದಳು, ಮಗ ಒಂದು ಫೋನಿನ ಟಾರ್ಚ್ ಹಿಡಿದ, ಇನ್ನೊಂದು ಫೋನಿನಲ್ಲಿ ಫೋಟೊ. ಮೊದಲ ಹತ್ತರಲ್ಲಿ ಬರೀ ನಾಲಿಗೆ. ಕೊನೆಗೆ ಅಂಗಳದ ಬಿಸಿಲಿಗೆ ಹೋಗಿ ಫ್ಲ್ಯಾಶ್ ಇಲ್ಲದೆ ತೆಗೆದದ್ದು ಚೆನ್ನಾಗಿ ಬಂತು. ಹಲ್ಲಿನ ನಡುವೆ ಕಪ್ಪು ಗುಂಡಿ. ಡಾಕ್ಟ್ರು ಐಬುಪ್ರೊಫೆನ್ 400, ಜೊತೆಗೆ ಪ್ಯಾರಾಸಿಟಮಾಲ್, ಊಟ ಆದ ಮೇಲೆ ತೆಗೆದುಕೊಳ್ಳಲು ಬರೆದರು. ಅದಕ್ಕೆ ಮೊದಲು ಹೊಟ್ಟೆ ಹುಣ್ಣು ಉಂಟಾ, ಕಿಡ್ನಿ ತೊಂದರೆ ಉಂಟಾ, ಅಸ್ತಮಾ ಉಂಟಾ, ರಕ್ತ ತೆಳುವಾಗುವ ಮಾತ್ರೆ ಉಂಟಾ ಅಂತ ಒಂದೊಂದೇ ಕೇಳಿದರು. ಜ್ವರ ಇದೆಯಾ ಅಂತಲೂ ಕೇಳಿದರು. ಮಳೆಗಾಲದಲ್ಲಿ ನಮ್ಮ ತೋಟಗಳಲ್ಲಿ ಡೆಂಗ್ಯೂ ಇರುತ್ತದಲ್ಲ, ಆಗ ಜ್ವರ ಇರುವವರು ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬಾರದು. ನೀವೂ ಕೇಳದೆ ನುಂಗಬೇಡಿ. ಹಾಗೇ ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಇಟ್ಟುಕೊಳ್ಳುವವರಿದ್ದಾರೆ. ವಸಡು ಬಿಳಿಯಾಗಿ ಸುಡುತ್ತದೆ. ಲವಂಗದ ಎಣ್ಣೆ ಹತ್ತಿಯಲ್ಲಿ ಒಂದು ಹನಿ ಆದರೆ ಸರಿ, ಬಾಟಲಿಯಿಂದ ಸುರಿದುಕೊಳ್ಳುವುದು ಬೇಡ.

ಮಾತ್ರೆಯಲ್ಲಿ ಒಂದು ವಾರ ಹೋಯಿತು. ನಮ್ಮ ಹೊಸವರ್ಷದ ಹಬ್ಬ ಬಿಸುವಿಗೆ ಮೂರು ದಿನ ಇರುವಾಗ ನೋವು ಪೂರಾ ನಿಂತಿತು. ಬಿಸಿ ಚಹಾ ಕುಡಿದೆ, ಏನೂ ಇಲ್ಲ. ಡಾಕ್ಟ್ರಿಗೆ ಫೋನ್ ಮಾಡಿ ಹೇಳುವುದು ಬಿಟ್ಟು, ಎಲ್ಲರಿಗೂ ಲವಂಗದ ಮಹಿಮೆ ಹೇಳಿಕೊಂಡು ತಿರುಗಿದೆ. ಗಡಿ ಮುಚ್ಚಿದ್ದು, ಪೇಟೆಗೆ ಹೋಗಲು ಪೊಲೀಸ್, ಕ್ಲಿನಿಕ್ ಬಂದ್, ಇಷ್ಟೆಲ್ಲ ಇರುವಾಗ ಹಲ್ಲು ತಾನಾಗಿ ಸರಿಯಾಯಿತು ಅಂತ ನಂಬುವುದು ಎಷ್ಟು ಸುಖ! ನಿಜವಾಗಿ ಆದದ್ದೇನೆಂದರೆ ನರ ಸತ್ತಿತ್ತು. ಸತ್ತ ನರಕ್ಕೆ ನೋವಿಲ್ಲ. ಕೀಟಾಣು ಮಾತ್ರ ಬೇರಿನ ತುದಿಯಿಂದ ಸದ್ದಿಲ್ಲದೆ ಎಲುಬಿಗೆ ಇಳಿಯುತ್ತಿತ್ತು. ನನಗೆ ಇಡೀ ಅನುಭವದಲ್ಲಿ ಯಾರಾದರೂ ಮೊದಲೇ ಹೇಳಿದ್ದರೆ ಅನ್ನಿಸುವುದು ಇದೊಂದೇ.

ಬಿಸು ಏಪ್ರಿಲ್ 14ಕ್ಕೆ. ಮರುದಿನ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಬಲಗೆನ್ನೆಯಲ್ಲಿ ಒಂದು ನಿಂಬೆಹಣ್ಣು. ಬಾಯಿ ಎರಡು ಬೆರಳು ಅಗಲಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಮೈ ಬಿಸಿ. ಅತ್ತೆ ಬಿಸಿ ಉಪ್ಪಿನ ಶಾಖ ಕೊಡಲು ಬಂದರು. ಅದೃಷ್ಟಕ್ಕೆ ಅಷ್ಟರಲ್ಲಿ ಡಾಕ್ಟ್ರು ಫೋನ್ ಎತ್ತಿದರು. 'ಹೊರಗಿನಿಂದ ಶಾಖ ಬೇಡವೇ ಬೇಡ, ಉಗುರು ಬೆಚ್ಚಗಿನ ಉಪ್ಪುನೀರು ಬಾಯಿಯಲ್ಲಿ ಹಿಡಿಯಿರಿ' ಅಂದರು. ಆಮೇಲೆ ಮೂರು ಪ್ರಶ್ನೆ. ಎಂಜಲು ನುಂಗಲು ಆಗುತ್ತದಾ? ಉಸಿರಾಟ ಸರಿ ಇದೆಯಾ? ನಾಲಿಗೆಯ ಕೆಳಗೆ, ಗದ್ದದ ಕೆಳಗೆ ಗಟ್ಟಿಯಾಗಿದೆಯಾ? ಮೂರಕ್ಕೂ ನನ್ನ ಉತ್ತರ ಸರಿ ಇತ್ತು, ಹಾಗಾಗಿ ಕ್ಲಿನಿಕ್‌ಗೆ ಬನ್ನಿ ಅಂದರು. ಒಂದು ತಪ್ಪಿದರೂ ಡೆಂಟಲ್ ಕ್ಲಿನಿಕ್ ಅಲ್ಲ, ನೇರ ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿ. ಕೆಳದವಡೆಯ ಕೀವು ನಾಲಿಗೆಯ ಅಡಿಗೆ, ಕುತ್ತಿಗೆಗೆ ಇಳಿದರೆ ಉಸಿರಿನ ದಾರಿಯನ್ನೇ ಒತ್ತುತ್ತದೆ. ಲುಡ್ವಿಗ್ಸ್ ಆಂಜೈನಾ ಅಂತ ಅದಕ್ಕೆ ಹೆಸರು. ಹಲ್ಲಿನಿಂದ ಜೀವ ಹೋಗುತ್ತದಾ ಅಂತ ಕೇಳುವವರಿಗೆ ಉತ್ತರ ಇದು, ಹೋಗಬಹುದು. ಕಣ್ಣು ಮುಚ್ಚುವಷ್ಟು ಬಾವು, ಎಂಜಲು ಸೋರುವುದು, ನುಂಗಲಾಗದಿರುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಗಡಿ ಮುಚ್ಚಿದ್ದರೂ ಅಂಥದ್ದಕ್ಕೆ ದಾರಿ ಕೇಳುವ ಹಕ್ಕು ನಿಮಗಿದೆ, ನಾಚಿಕೆ ಬೇಡ.

ಬಿಳಿ ಹಾಳೆಯಲ್ಲಿ ಎಲ್ಲಿಗೆ, ಯಾಕೆ ಅಂತ ಬರೆದುಕೊಂಡು ಬೈಕಿನಲ್ಲಿ ಹೊರಟೆ. ಹತ್ತಿರದ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿನ ಕಟ್ಟಡ ಆ ತಿಂಗಳೇ ಕೋವಿಡ್ ಆಸ್ಪತ್ರೆಯಾಗಿತ್ತು. ತಿರುವನಂತಪುರದಿಂದ ಡಾಕ್ಟ್ರುಗಳ ತಂಡವೇ ಬಂದಿತ್ತು. ವರ್ಷಗಟ್ಟಲೆ ಕಾದ ಆಸ್ಪತ್ರೆ ಮನೆಯ ಹತ್ತಿರ ಶುರುವಾದಾಗ ನನಗೆ ಬೇಕಾದದ್ದು ಒಂದು ಇಕ್ಕಳ! ದಾರಿಯಲ್ಲಿ ಪೊಲೀಸರು ನಿಲ್ಲಿಸಿದರು. ಬಾಯಿ ತೆರೆಯಲು ಆಗದ್ದರಿಂದ ಮಾಸ್ಕ್ ಇಳಿಸಿ ಕೆನ್ನೆ ತೋರಿಸಿದೆ. ಅವರು ಎರಡು ಹೆಜ್ಜೆ ಹಿಂದೆ ಹೋಗಿ, ಹಾಳೆಯನ್ನೂ ಓದದೆ, ಹೋಗು ಅಂತ ಕೈ ಮಾಡಿದರು.

ಕ್ಲಿನಿಕ್‌ನಲ್ಲಿ ನಾನೊಬ್ಬನೇ. ಎಸಿ ಬಂದ್, ಕಿಟಕಿ ಎಲ್ಲ ತೆರೆದು ಇಟ್ಟಿದ್ದರು. ಡಾಕ್ಟ್ರು ತಲೆಯಿಂದ ಕಾಲಿನವರೆಗೆ ಬಿಳಿ ಪಿಪಿಇ, ಮುಖದ ಶೀಲ್ಡ್ ಒಳಗೆ ಬೆವರಿನ ಹಬೆ. ಕಂದು ಬಣ್ಣದ ಅಯೋಡಿನ್ ನೀರಿನಲ್ಲಿ ಬಾಯಿ ಮುಕ್ಕಳಿಸಲು ಕೊಟ್ಟರು. ಹಲ್ಲು ಉಳಿಸಬಹುದಾ ಅಂತ ಕೇಳಿದೆ. ಬೇರೆ ಸಮಯ ಆಗಿದ್ದರೆ ರೂಟ್ ಕೆನಾಲ್ ಮಾಡಬಹುದಿತ್ತು ಅಂದರು. ಆದರೆ ಅದಕ್ಕೆ ಡ್ರಿಲ್ ಬೇಕು, ಡ್ರಿಲ್‌ನ ಜೊತೆ ನೀರಿನ ಸ್ಪ್ರೇ ಬೇಕು. ಆ ನೀರು ಎಂಜಲನ್ನು ಸೇರಿಸಿಕೊಂಡು ಮಂಜಿನ ಹಾಗೆ ಕೋಣೆಯಲ್ಲಿ ನಿಲ್ಲುತ್ತದೆ. ಹಲ್ಲಿನ ಡಾಕ್ಟ್ರುಗಳು ಕೋವಿಡ್‌ಗೆ ಅಷ್ಟು ಹೆದರಿದ್ದು ಇದಕ್ಕೇ. ಇಕ್ಕಳದಲ್ಲಿ ಕೀಳಿಸಿದರೆ ಆ ಮಂಜು ಇಲ್ಲ. ಹಾಗಾಗಿ ಆ ತಿಂಗಳುಗಳಲ್ಲಿ ಉಳಿಸಬಹುದಾದ ಎಷ್ಟೋ ಹಲ್ಲು ಹೋದವು. ನನ್ನದೂ ಅದರಲ್ಲಿ ಒಂದು.

ಕೀವು ಇರುವಲ್ಲಿ ಮರಗಟ್ಟುವ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ದವಡೆಯ ಹಿಂದೆ, ನರದ ಬುಡಕ್ಕೆ ಕೊಟ್ಟರು. ತುಟಿ ದಪ್ಪ ಆದ ಹಾಗೆ ಅನ್ನಿಸಿದ ಮೇಲೆ ಇಕ್ಕಳ. ನೋವಿಲ್ಲ, ಸದ್ದು ಮಾತ್ರ ತಲೆಯ ಒಳಗೇ. ಒಣ ಕಡ್ಡಿ ನಿಧಾನವಾಗಿ ಮುರಿದ ಹಾಗೆ. ಹಲ್ಲು ಬಂದದ್ದೇ ತಡ, ಬಾಯಿ ತುಂಬ ಕಹಿ. ಕೀವು. ಅದು ಹೊರಗೆ ಬಂದ ಆ ಒಂದು ನಿಮಿಷದ ಹಗುರ ಮರೆಯಲಾರೆ. ಈ ಸಲ ಆ್ಯಂಟಿಬಯೋಟಿಕ್ ಕೊಟ್ಟರು, ಬಾವು ಜ್ವರ ಎರಡೂ ಇದ್ದ ಕಾರಣ. ಹತ್ತಿ ಅರ್ಧ ಗಂಟೆ ಕಚ್ಚಿ ಹಿಡಿಯಿರಿ, ಇಣುಕಿ ಇಣುಕಿ ನೋಡಬೇಡಿ, ಇವತ್ತು ಉಗಿಯಬೇಡಿ ಅಂದರು. ಎಲೆ ಅಡಿಕೆ ಹಾಕುವವನಿಗೆ ಕೊನೆಯದ್ದೇ ಕಷ್ಟ.

ಆಮೇಲೆ 2020ರ ಮೇ 19ಕ್ಕೆ ಕೇಂದ್ರ ಆರೋಗ್ಯ ಇಲಾಖೆಯ ನಿಯಮ ಬಂತು. ಅದರಲ್ಲಿ ಕಂಟೈನ್‌ಮೆಂಟ್ ವಲಯದಲ್ಲಿ ಕ್ಲಿನಿಕ್ ಬಂದ್, ಫೋನ್ ಸಲಹೆ ಮಾತ್ರ. ಕೆಂಪು ವಲಯದಲ್ಲಿ ತುರ್ತು ಕೆಲಸ ಮಾತ್ರ. ಕ್ಲೀನಿಂಗ್, ಕ್ಲಿಪ್, ಹೊಸ ಹಲ್ಲು ಕಟ್ಟಿಸುವುದೆಲ್ಲ ಎಲ್ಲ ಕಡೆ ಮುಂದಕ್ಕೆ. ಇನ್ನೊಮ್ಮೆ ಅಂಥ ದಿನ ಬಂದರೂ ಹೆಚ್ಚುಕಡಿಮೆ ಹೀಗೇ ಇರುತ್ತದೆ ಅಂತ ನನ್ನ ಲೆಕ್ಕ.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ: ಗಡಿಯ ಈಚೆ ಒಬ್ಬ ಹಲ್ಲಿನ ಡಾಕ್ಟ್ರ ಪರಿಚಯ ಈಗಲೇ ಮಾಡಿಕೊಳ್ಳಿ. ಸುಮ್ನೆ ಒಂದು ಕ್ಲೀನಿಂಗ್‌ಗೆ ಹೋಗಿ ಬಂದರೂ ಸಾಕು, ನಿಮ್ಮ ಹೆಸರು ಅವರಲ್ಲಿ ಇರುತ್ತದೆ. ಚೆರ್ಕಳದಿಂದ ಆಚೆ ಪೊಯಿನಾಚಿಯಲ್ಲಿ ಡೆಂಟಲ್ ಕಾಲೇಜು ಉಂಟು. ನಮ್ಮ ಕಡೆಯವರು ಮಂಗಳೂರೇ ನೋಡುವುದರಿಂದ ತುಂಬಾ ಜನರಿಗೆ ಅದು ನೆನಪೇ ಆಗುವುದಿಲ್ಲ. ಯಾರೂ ಸಿಗದಿದ್ದರೆ ಕೇರಳದ ಆರೋಗ್ಯ ಸಹಾಯವಾಣಿ ದಿಶಾ, 1056. ಫೋನಿನಲ್ಲಿ ಮೊದಲ ಮಾತಿಗೇ ಬಾವು, ಜ್ವರ, ಬಾಯಿ ಎಷ್ಟು ತೆರೆಯುತ್ತದೆ, ನುಂಗಲು ಆಗುತ್ತದಾ, ಸಕ್ಕರೆ ಕಾಯಿಲೆ ಉಂಟಾ ಅನ್ನುವುದನ್ನು ಹೇಳಿಬಿಡಿ. ನೋವಿನ ವರ್ಣನೆ ಆಮೇಲೆ. ಮಕ್ಕಳಿರುವ ಮನೆಯಾದರೆ ಇನ್ನೊಂದು. ಬಿದ್ದು ಶಾಶ್ವತ ಹಲ್ಲು ಬೇರು ಸಮೇತ ಬಂದರೆ ಬೇರು ಮುಟ್ಟದೆ ಎತ್ತಿ, ತಿಕ್ಕಿ ತೊಳೆಯದೆ, ತಣ್ಣಗಿನ ಹಾಲಿನ ಲೋಟಕ್ಕೆ ಹಾಕಿ ಓಡಿ. ಅರ್ಧ ಗಂಟೆ, ಒಂದು ಗಂಟೆಯೊಳಗೆ ತಲುಪಿದರೆ ಮತ್ತೆ ಕೂರಿಸುವ ಆಸೆ ಇರುತ್ತದೆ. ಹಾಲುಹಲ್ಲಾದರೆ ವಾಪಸ್ ಕೂರಿಸುವುದಿಲ್ಲ.

ನನ್ನ ಬಲಗಡೆಯ ಆ ಸಂದು ಹಾಗೇ ಉಂಟು. ಬ್ರಿಡ್ಜ್ ಹಾಕಿಸಬೇಕು ಅಂತ ಡಾಕ್ಟ್ರು ಹೇಳುತ್ತಲೇ ಇದ್ದಾರೆ. ಈಗ ಅವರ ಹತ್ತಿರವೇ ಹೋಗುವುದು. ಹಲಸಿನಕಾಯಿ ಚಿಪ್ಸ್ ಎಡಗಡೆಯಲ್ಲಿ ತಿನ್ನುತ್ತೇನೆ.