ಮಿಡಿ ಉಪ್ಪಿನಕಾಯಿ ಮೇಲೆ ಬಿಳಿ ಪದರ ಬಂದಿದ್ದಕ್ಕೆ

ಮಾರಲು ಹಾಕಿದ ಮಿಡಿ (ಎಳೆ ಮಾವಿನಕಾಯಿ) ಉಪ್ಪಿನಕಾಯಿಯ ಭರಣಿಯಲ್ಲಿ ಬಿಳಿ ಪದರ ಬಂದಿದೆ, ಯಾಕೆ ಅಂತ ಕೇಳಿದ್ದೀರಿ. ಉಪ್ಪು ಕಡಿಮೆಯಾಗಿರಬೇಕು. ನೋಡದೆ ಖಚಿತವಾಗಿ ಹೇಳಲಾಗದು, ಆದರೆ ಗಿರಾಕಿಗಳು ಉಪ್ಪು ಜಾಸ್ತಿ ಅಂದರೆಂದು ಅರ್ಧಕ್ಕಿಳಿಸಿದೆ ಅಂತ ನೀವೇ ಬರೆದಿದ್ದೀರಿ, ಅಲ್ವಾ? ಸಾಗರದಲ್ಲಿ ಮಾರಾಟ ಶುರು ಮಾಡಿದ ವರ್ಷ ನಾನೂ ಅದನ್ನೇ ಮಾಡಿ ಎರಡು ಭರಣಿ ಗೊಬ್ಬರದ ಗುಂಡಿಗೆ ಸುರಿದೆ.

ಮೊದಲು ಆ ಭರಣಿಯಿಂದ ಮಾರುವುದನ್ನು ನಿಲ್ಲಿಸಿ. ಮಿಡಿ ಮೆತ್ತಗಾಗಿದ್ದರೆ ಅಥವಾ ಪದರ ಹಸಿರು, ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಎಸೆಯಿರಿ. ಕುದಿಸಿ ಉಳಿಸಲು ಹೋಗಬೇಡಿ.

ಮುಂದಿನ ಸಲ 4 ಪಾವು ಮಿಡಿಗೆ 1 ಪಾವು ಕಲ್ಲುಪ್ಪು ಹಾಕಿ. ನನಗಂತೂ ಅದಕ್ಕಿಂತ ಕಡಿಮೆ ಹಾಕುವ ಧೈರ್ಯವಿಲ್ಲ. ತೊಟ್ಟು ಸ್ವಲ್ಪ ಇರಲಿ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಬೇಡವೇ ಬೇಡ, ಅಗ್ಗಕ್ಕೆ ಸಿಕ್ಕರೂ. ತೊಳೆದು, ನೀರಿನ ಪಸೆ ಪೂರ್ತಿ ಆರಿದ ಮೇಲೆ ಒಂದು ಪದರ ಮಿಡಿ, ಒಂದು ಪದರ ಉಪ್ಪು ಹಾಕಿ, ದಿನಾ ಕುಲುಕಿ. ಚೆನ್ನಾಗಿ ಸುಕ್ಕುಗಟ್ಟಬೇಕು. ನಮ್ಮಲ್ಲಿ 10-15 ದಿನ ಹಿಡಿಯುತ್ತದೆ. ಮಿಡಿ ಬಿಟ್ಟ ಉಪ್ಪುನೀರನ್ನೇ ಕುದಿಸಿ, ತಣ್ಣಗಾದ ಮೇಲೆ ಸಾಸಿವೆ, ಮೆಣಸಿನಪುಡಿ ಹಾಕಿ ಮಿಡಿಗೆ ಕಲಸಿ. ಬಿಸಿಯಿರುವಾಗ ಕಲಸಿದರೆ ಮಿಡಿ ಮೆತ್ತಗಾಗುತ್ತದೆ.

ಬಾಟಲಿಯಲ್ಲೂ ಮಿಡಿ ರಸದಲ್ಲಿ ಮುಳುಗಿರಲಿ. ತೇಲಿದ್ದರ ಮೇಲೇ ಪದರ ಕಟ್ಟುವುದು. ನಮ್ಮ ಮಳೆಗಾಲದ ಥಂಡಿಯಲ್ಲಿ ಭರಣಿ ಬಾಯಿ ತೆಗೆಯದ ಹಾಗೆ, ಮೇ ಮುಗಿಯುವುದರೊಳಗೆ ಬಾಟಲಿಗೆ ತುಂಬಿಬಿಡಿ.