ಕೋವಿ ಸರಿಯಿತ್ತು, ಖಾಲಿ ಮ್ಯಾಗಜಿನ್ ಸಿಕ್ಕಿಬಿತ್ತು

ಅಮೆರಿಕದಿಂದ ಕಾರಿನಲ್ಲಿ ಕೆನಡಾಕ್ಕೆ ಶಿಕಾರಿಗೆ ಹೋಗುವಾಗ ರೈಫಲ್ ಜೊತೆ ಕರಡಿ ಭಯಕ್ಕೊಂದು ಪಿಸ್ತೂಲೂ ಇರಲಿ ಅಂತೀರಲ್ಲ, ಅದನ್ನು ಮನೆಯಲ್ಲೇ ಬೀಗ ಹಾಕಿಡಿ. 2022ರಿಂದ ಕೈಬಂದೂಕಿಗೆ ಅಲ್ಲಿ ಬಿಗಿಯಾದ ತಡೆಯಿದೆ. ಕಾಡುಪ್ರಾಣಿ ಭಯ ಅನ್ನೋ ಕಾರಣ ಅದಕ್ಕೂ ಮುಂಚೆಯೇ ನಡೀತಿರಲಿಲ್ಲ. ಕರಡಿಗೆ ಅಂತ ಲೇಬಲ್ ಇರುವ ಸ್ಪ್ರೇ ಸಾಕು. ಮನುಷ್ಯರ ಮೇಲೆ ಹೊಡೆಯೋ ಪೆಪ್ಪರ್ ಸ್ಪ್ರೇ ಮಾತ್ರ ಅಲ್ಲಿ ನಿಷಿದ್ಧ ಆಯುಧ.

ನನ್ನ ಪ್ರವಾಸ ಹಾಳಾಗಿದ್ದು ಪಿಸ್ತೂಲಿನಿಂದಲ್ಲ. ನನ್ನದು ಬೋಲ್ಟ್ ಆ್ಯಕ್ಷನ್ .308 ರೈಫಲ್, ಅಂದರೆ ಪ್ರತಿ ಗುಂಡಿಗೂ ಕೈಯಲ್ಲಿ ಬೋಲ್ಟ್ ಎಳೆಯಬೇಕಾದ್ದು. ಕಾಗದಪತ್ರ ಎಲ್ಲ ಸರಿ. ಚೀಲದ ಪಕ್ಕದ ಜೇಬಿನಲ್ಲಿ ಒಂದೂ ತೋಟಾ ಇಲ್ಲದ, ಹತ್ತು ತೋಟಾ ಹಿಡಿಯೋ ಮ್ಯಾಗಜಿನ್ (ಕೋವಿಗೆ ಸಿಕ್ಕಿಸೋ ತೋಟಾ ಡಬ್ಬಿ) ಉಳಿದುಬಿಟ್ಟಿತ್ತು. ಗಡಿ ಅಧಿಕಾರಿ ಅದರ ಸ್ಪ್ರಿಂಗನ್ನು ಹೆಬ್ಬೆರಳಲ್ಲಿ ತಳದವರೆಗೂ ಅದುಮಿ ನೋಡಿ ಪಕ್ಕಕ್ಕಿಟ್ಟರು. ಮ್ಯಾಗಜಿನ್ ಜಪ್ತಿಯಾಯಿತು, ನಾನು ವಾಪಸ್.

ಬೋಲ್ಟ್ ಆ್ಯಕ್ಷನ್‌ಗೆ ಮ್ಯಾಗಜಿನ್ ಮಿತಿ ಇಲ್ಲ ಅಂತ ಓದಿಕೊಂಡಿದ್ದೆ, ಅರ್ಧ ನಿಜ. ಕೆನಡಾದ ಕಾನೂನು ಮ್ಯಾಗಜಿನ್ ಈಗ ಯಾವ ಕೋವಿಗೆ ಸಿಕ್ಕಿಸಿದೆ ಅಂತ ನೋಡೋದಿಲ್ಲ, ಯಾವ ಕೋವಿಗೆಂದು ತಯಾರಾಗಿದೆ ಅಂತ ನೋಡುತ್ತದೆ. ಸೆಂಟರ್‌ಫೈರ್ ಸೆಮಿ ಆಟೋಮ್ಯಾಟಿಕ್ ರೈಫಲ್‌ಗೆ ಅಂತ ಮಾಡಿದ್ದಾದರೆ ಐದೇ ತೋಟಾ ಮಿತಿ. ಸೆಮಿ ಆಟೋ ಅಂದರೆ ಟ್ರಿಗರ್ ಒತ್ತಿದಾಗಲೆಲ್ಲ ಒಂದು ಗುಂಡು ಹಾರಿಸಿ ಮುಂದಿನದನ್ನು ತಾನೇ ತುಂಬಿಕೊಳ್ಳೋ ಕೋವಿ, ಸೆಂಟರ್‌ಫೈರ್ ಅಂದರೆ ತಳದ ನಡುವಿಗೆ ಬಡಿದಾಗ ಸಿಡಿಯೋ ತೋಟಾ. ಈಗಿನ ಎಷ್ಟೋ ಬೋಲ್ಟ್ ರೈಫಲ್‌ಗಳು ಅದೇ ಸೆಮಿ ಆಟೋ ಮಾದರಿಯ ಮ್ಯಾಗಜಿನ್ನನ್ನೇ ತಗೊಳ್ಳುತ್ತವೆ, ನನ್ನದೂ ಹಾಗೇ. ಒಳಗೆ ಗುಂಡು ಇಲ್ಲದಿದ್ದರೂ ಆ ಡಬ್ಬಿಯೇ ನಿಷಿದ್ಧ ವಸ್ತು. ಒಳಗೆ ಮರದ ಚೂರು ತುರುಕಿದರೆ ಸಾಲದು. ರಿವೆಟ್ ಹೊಡೆದೋ ವೆಲ್ಡ್ ಮಾಡಿಯೋ ಸುಲಭವಾಗಿ ಬಿಚ್ಚಲಾಗದಂತೆ ಐದಕ್ಕೆ ಕಟ್ಟಿಹಾಕಿರಬೇಕು. ಈಗ ನಾನು ಒಯ್ಯೋದು ಮ್ಯಾಗಜಿನ್ನೇ ಬಿಚ್ಚಿಬರದ ಹಳೇ ಕಾಲದ ಬೋಲ್ಟ್ ರೈಫಲ್, ನಿಮಗೂ ಅದನ್ನೇ ಹೇಳ್ತೀನಿ. ಹೊರಡೋ ಹಿಂದಿನ ರಾತ್ರಿ ಪ್ರತಿ ಚೀಲವನ್ನೂ ತಲೆಕೆಳಗು ಮಾಡಿ ಕೊಡವಿ.

ಇನ್ನು ಕಾಗದ. ಕೆನಡಾದ ಕೇಂದ್ರ ಪೊಲೀಸ್ ಪಡೆಯ (ಆರ್‌ಸಿಎಂಪಿ) 5589 ಅನ್ನೋ ಘೋಷಣಾಪತ್ರ ಮೂರು ಪ್ರತಿ ತುಂಬಿ. ಮೂರಕ್ಕಿಂತ ಹೆಚ್ಚು ಕೋವಿ ಇದ್ದರೆ 5590 ಹಾಳೆ ಸೇರಿಸಿ. ಸೀರಿಯಲ್ ನಂಬರನ್ನು ಹಳೇ ಬಿಲ್ಲಿನಿಂದ ನಕಲು ಮಾಡಬೇಡಿ, ಟಾರ್ಚ್ ಹಿಡಿದು ಕೋವಿಯ ಮೇಲಿಂದಲೇ ಓದಿ ಬರೆಯಿರಿ. ಸೊನ್ನೆಯೂ ‘ಓ’ ಅಕ್ಷರವೂ ಅದಲುಬದಲಾದರೆ ಅಲ್ಲೇ ನಿಂತಿರ್ತೀರಿ. ಸಹಿ ಮಾತ್ರ ಮನೆಯಲ್ಲಿ ಹಾಕಬೇಡಿ, ಅಧಿಕಾರಿಯ ಎದುರೇ ಆಗಬೇಕು. 25 ಕೆನಡಾ ಡಾಲರ್ ಕಟ್ಟಿದರೆ ಪಟ್ಟಿಯಲ್ಲಿರುವ ಕೋವಿಗಳಿಗೆಲ್ಲ 60 ದಿನ ಅದೇ ಪರವಾನಗಿ. ಹದಿನೆಂಟು ತುಂಬಿರಬೇಕು. ಶಿಕಾರಿಗೆ 200 ತೋಟಾವರೆಗೆ ಸುಂಕವಿಲ್ಲ. ಕೋವಿ ಖಾಲಿ ಇರಬೇಕು. ಕಾರು ಬಿಟ್ಟು ಹೋಗುವಾಗ ಡಿಕ್ಕಿಯಲ್ಲಿಟ್ಟು ಬೀಗ ಹಾಕಿ.

ಕುಡಿದು ಗಾಡಿ ಓಡಿಸಿದ ಹಳೇ ಕೇಸು ಇದೆಯಾ? ಹಾಗಾದರೆ ಕೋವಿಯ ಮಾತು ಆಮೇಲೆ, ನಿಮ್ಮನ್ನೇ ಒಳಗೆ ಬಿಡದಿರಬಹುದು. ಅದನ್ನು ಮೊದಲು ವಿಚಾರಿಸಿಕೊಳ್ಳಿ.

ವಾಪಸ್ ಬರುವಾಗ ಕೋವಿ ನಿಮ್ಮದೇ, ಅಲ್ಲಿ ಕೊಂಡದ್ದಲ್ಲ ಅಂತ ತೋರಿಸೋಕೆ 4457 ಫಾರಂ ಬೇಕು. ಹೊರಡುವ ಮುನ್ನವೇ ಅಮೆರಿಕದ ಕಸ್ಟಮ್ಸ್ ಕಚೇರಿಗೆ ಕೋವಿ ಒಯ್ದು ಸೀರಿಯಲ್ ನಂಬರ್ ತೋರಿಸಿ ಸಹಿ ಹಾಕಿಸಿಕೊಳ್ಳಿ. ಅದಕ್ಕೆ ಶುಲ್ಕವಿಲ್ಲ.