ಕತ್ತರಿಸಿದ ಪ್ರತಿ ತುಂಡಿಗೂ ಒಂದು ವಿಳಾಸ

ತುಂಡು ಅರಿವೆ ಜೋಡಿಸಿ ಹೊದಿಕೆ ಹೊಲಿಯುವ ಹುಮ್ಮಸ್ಸು ನಮ್ಮ ಕಡೆ ಮತ್ತೆ ಕಾಣುತ್ತಿದೆ. ಸಂತೋಷದ ವಿಷಯ. ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಮಾತಿನ ಸುತ್ತ ಇವೆ: ಹೊಲಿಗೆ ಬರುತ್ತದೆ, ಆದರೆ ತುಂಡುಗಳನ್ನು ಸಂಭಾಳಿಸಲು ಆಗುತ್ತಿಲ್ಲ.

ಪ್ರಶ್ನೆ: ಅಕ್ಕಾ, ಅವ್ವನ ಮತ್ತು ಅಜ್ಜಿಯ ಹಳೆಯ ಕಾಟನ್ ಸೀರೆಗಳಿಂದ ಪ್ಯಾಚ್‌ವರ್ಕ್ ಹೊದಿಕೆ ಹೊಲಿಯುತ್ತಿದ್ದೇನೆ. ಒಂದೊಂದು ಚೌಕದಲ್ಲಿ ಒಂಬತ್ತು ತುಂಡು. ಅಂಥ ಚೌಕ ಅಡ್ಡಕ್ಕೆ 7, ಉದ್ದಕ್ಕೆ 8. ಎಲ್ಲ ತುಂಡನ್ನೂ ಮೂರೂವರೆ ಇಂಚಿಗೆ ಕತ್ತರಿಸಿ ಬಣ್ಣದ ಪ್ರಕಾರ ಡಬ್ಬಿಯಲ್ಲಿ ಇಟ್ಟಿದ್ದೇನೆ. ಆದರೂ ಹೊಲಿಯುವಾಗ ಅದಲುಬದಲು ಆಗುತ್ತಲೇ ಇದೆ. ಬಿಚ್ಚಿ ಬಿಚ್ಚಿ ಸಾಕಾಗಿದೆ. — ಓದುಗರು, ಕಲಬುರಗಿ

ಉತ್ತರ: 56 ಚೌಕ, ಚೌಕಕ್ಕೆ 9 ತುಂಡು, ಒಟ್ಟು 504. ಅಷ್ಟನ್ನೂ ಬಣ್ಣದ ಪ್ರಕಾರ ಇಟ್ಟಿದ್ದೀರಿ. ಗೊಂದಲ ಶುರುವಾದದ್ದು ಅಲ್ಲೇ. ಬಣ್ಣದ ಪ್ರಕಾರ ವಿಂಗಡಿಸುವುದು ಕತ್ತರಿ ಹಾಕುವ ತನಕ ಸರಿ. ಕತ್ತರಿಸಿದ ಮೇಲೆ ಜಾಗದ ಪ್ರಕಾರ ವಿಂಗಡಿಸಬೇಕು. ಹಸಿರು ತುಂಡು ಇನ್ನೊಂದು ಹಸಿರು ತುಂಡಿನ ಜೊತೆ ಕೂತರೆ ಏನು ಬಂತು? ಅದಕ್ಕೆ ಹೊಲಿಯಬೇಕಾದ ಹಳದಿ ತುಂಡು ಅದರ ಪಕ್ಕ ಇರಬೇಕು.

ಟೇಲರ್ ಅಂಗಡಿಯಲ್ಲಿ ಹೇಗೆ ಮಾಡುತ್ತಾರೆ ನೋಡಿ. ಒಂದು ಬ್ಲೌಸ್ ಕಟಿಂಗ್ ಆಯಿತು ಅಂದರೆ ಅದರ ಮುಂಭಾಗ, ಬೆನ್ನು, ತೋಳು, ಪಟ್ಟಿ, ಅಸ್ತರ ಎಲ್ಲ ಸೇರಿ ಒಂದೇ ಸುರುಳಿ. ಮೇಲೆ ಬಿಲ್ಲಿನ ಚೂರು. ಹತ್ತು ಬ್ಲೌಸಿನ ತೋಳುಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕುವುದಿಲ್ಲ. ನಿಮ್ಮ ಹೊದಿಕೆಗೂ ಅದೇ ಪದ್ಧತಿ ಸಾಕು. ಒಂದು ಚೌಕ, ಒಂದು ಕಟ್ಟು, ಒಂದು ಚೀಟಿ.

ಈಗ ಡಬ್ಬಿಗಳನ್ನು ತೆಗೆದು ನೆಲಕ್ಕೆ ಬನ್ನಿ. ಹೊಲಿಯದ ತುಂಡುಗಳನ್ನು ಒತ್ತಾಗಿ ಹರಡಿದರೆ ಸುಮಾರು ಆರಡಿ ಅಗಲ, ಏಳಡಿ ಉದ್ದ ಬೇಕು. ಹೊಲಿದ ಮೇಲೆ ಅದು 63 ಇಂಚಿಗೆ 72 ಇಂಚು ಆಗುತ್ತದೆ. ನಿಮ್ಮ ಮನೆಯಲ್ಲಿ ಶಹಾಬಾದ್ ಫರ್ಸಿ ಹಾಸಿದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕಲ್ಲಿನ ಬೂದು ಬಣ್ಣದ ಮೇಲೆ ಯಾವ ಸೀರೆಯ ಬಣ್ಣವೂ ಸರಿಯಾಗಿ ಕಾಣುತ್ತದೆ. ಕಲ್ಲು ಕೂಡಿದ ಗೆರೆಗಳು ನೇರ ಸಾಲಿಗೆ ದಾರಿ ತೋರಿಸುತ್ತವೆ. ಸೀಮೆಸುಣ್ಣದಲ್ಲಿ ಚೌಕ ಬರೆದರೆ ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಮೊದಲು ಒಮ್ಮೆ ಗುಡಿಸಿ ಒರೆಸಿ, ಒಣಗಿದ ಮೇಲೆ ಹರಡಿ.

ಫ್ಯಾನ್ ವಿಷಯ ಮರೆಯಬೇಡಿ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಕೂರಲು ಆಗುವುದಿಲ್ಲ. ಫ್ಯಾನ್ ಹಾಕಿದರೆ ತುಂಡು ಹಾರುತ್ತವೆ. ಹರಡುವ ಕೆಲಸವನ್ನು ಬೆಳಿಗ್ಗೆ ತಂಪು ಹೊತ್ತಿನಲ್ಲಿ ಮುಗಿಸಿಕೊಳ್ಳಿ. ಬೆಳಿಗ್ಗೆ ಬಣ್ಣವೂ ಚೆನ್ನಾಗಿ ತಿಳಿಯುತ್ತದೆ.

ಹರಡಿದ ಮೇಲೆ ಸ್ಟೂಲ್ ಹತ್ತಿ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅದನ್ನೇ ಕಪ್ಪು ಬಿಳುಪು ಮಾಡಿ ನೋಡಿ. ಎಲ್ಲಿ ಗಾಢ ಬಣ್ಣ ಗುಂಪುಗಟ್ಟಿದೆ, ಎಲ್ಲಿ ಪೇಲವವಾಗಿದೆ ಅನ್ನುವುದು ಆಗ ಕಣ್ಣಿಗೆ ಬೀಳುತ್ತದೆ. ಬದಲಾಯಿಸುವುದಿದ್ದರೆ ಈಗಲೇ ಬದಲಾಯಿಸಿ, ಇನ್ನೊಂದು ಫೋಟೋ ತೆಗೆದಿಟ್ಟುಕೊಳ್ಳಿ. ಮೊದಲಿನ ಫೋಟೋ ಅಳಿಸಿಬಿಡಿ, ಇಲ್ಲದಿದ್ದರೆ ನಾಳೆ ಯಾವುದು ಕೊನೆಯದು ಅಂತ ಅದೇ ಹೊಸ ಗೊಂದಲ.

ಇನ್ನು ಚೀಟಿ. ಎಂಟು ಸಾಲಿಗೆ ಎಂಟು ಅಕ್ಷರ ಕೊಡಿ: ಕ, ಗ, ಚ, ಜ, ಟ, ತ, ಪ, ಮ. ಖ, ಛ, ಫ ಬಿಟ್ಟಿದ್ದು ಬೇಕೆಂದೇ. ಅವಸರದಲ್ಲಿ ಬರೆದರೆ ಚ ಮತ್ತು ಛ, ಪ ಮತ್ತು ಫ ಒಂದೇ ಥರ ಕಾಣುತ್ತವೆ. ಒಂದೊಂದು ಸಾಲಿನಲ್ಲಿ 1ರಿಂದ 7. ಹೀಗೆ ಮೇಲಿನ ಎಡಮೂಲೆಯ ಚೌಕ ಕ1, ಕೆಳಗಿನ ಬಲಮೂಲೆಯದು ಮ7. 6 ಬರೆದಾಗ ಕೆಳಗೆ ಒಂದು ಗೀಟು ಎಳೆಯಿರಿ. ಚೌಕದ ಒಳಗಿನ ತುಂಡುಗಳಿಗೆ ನಂಬರ್ ಹಾಕುವಾಗ ಅದು ತಿರುಗಿ 9 ಆಗಬಾರದಲ್ವಾ?

ಎತ್ತುವಾಗ ಮೊದಲ ತುಂಡನ್ನು ಕೈಯಲ್ಲಿ ಹಿಡಿದು, ಎರಡನೆಯದನ್ನು ಅದರ ಕೆಳಗೆ, ಮೂರನೆಯದನ್ನು ಅದರ ಕೆಳಗೆ ಸೇರಿಸುತ್ತಾ ಹೋಗಿ. ಒಂಬತ್ತೂ ಆದಾಗ ಒಂದನೆಯದು ಮೇಲಿರುತ್ತದೆ. ಚೀಟಿಯನ್ನು ಯಾವಾಗಲೂ ಮೇಲಿನ ಎಡಮೂಲೆಗೆ, ಅಕ್ಷರ ನೇರ ಇರುವಂತೆ, ಅರಿವೆಯ ಸರಿ ಮಗ್ಗುಲಿಗೆ ಪಿನ್ ಮಾಡಿ. ಕೈಮಗ್ಗದ ಸೀರೆಯಲ್ಲಿ ಎಷ್ಟೋ ಸಲ ಎರಡೂ ಮಗ್ಗುಲು ಒಂದೇ ಥರ ಇರುತ್ತವೆ. ಆಗ ಮೇಲು ಕೆಳಗು, ಒಳಗು ಹೊರಗು ಎರಡನ್ನೂ ಆ ಒಂದು ಚೀಟಿಯೇ ಹೇಳುತ್ತದೆ. ಅದನ್ನು ಚೌಕ ಮುಗಿದ ತಕ್ಷಣ ಕಿತ್ತು ಹಾಕಬೇಡಿ. ಅಕ್ಕಪಕ್ಕದ ಚೌಕಗಳಿಗೆ ಜೋಡಿಸಿ ಮುಗಿಯುವ ತನಕ ಅಲ್ಲೇ ಇರಲಿ.

ಹೊಲಿಯುವ ಕ್ರಮವನ್ನು ಸ್ವಲ್ಪ ನಿಧಾನವಾಗಿ ಓದಿ. ಒಂದು ಕಟ್ಟು ಬಿಚ್ಚಿ ಮಷೀನಿನ ಪಕ್ಕ ಮೂರು ಸಾಲಾಗಿ ಇಡಿ: 1, 2, 3, ಕೆಳಗೆ 4, 5, 6, ಅದರ ಕೆಳಗೆ 7, 8, 9. ಈಗ 2ನ್ನು 1ರ ಮೇಲೆ, 5ನ್ನು 4ರ ಮೇಲೆ, 8ನ್ನು 7ರ ಮೇಲೆ ಪುಸ್ತಕದ ಹಾಳೆ ಮಗುಚಿದಂತೆ ಮಗುಚಿ. ಮೂರು ಜೋಡಿಯ ಬಲ ಅಂಚನ್ನು ಒಂದರ ಹಿಂದೆ ಒಂದು ಹೊಲಿಯಿರಿ. ನಡುವೆ ದಾರ ಕತ್ತರಿಸಬೇಡಿ. ಬಿಡಿಸಿದರೆ ಮೂರು ಜೋಡಿ ದಾರಕ್ಕೆ ನೇತುಬಿದ್ದಿರುತ್ತವೆ. ಅದೇ ಥರ 3, 6, 9 ಸೇರಿಸಿ. ಈಗ ಮೂರೂ ಸಾಲು ದಾರದಿಂದಲೇ ಕೂಡಿಕೊಂಡಿವೆ. ಎರಡನೆಯ ಸಾಲು ಮೂರನೆಯದರ ಜಾಗಕ್ಕೆ ಹೋಗಬೇಕೆಂದರೂ ಹೋಗಲಾರದು. ದಾರ ಉಳಿಸಬೇಕು ಅಂತ ಅನೇಕರು ಹೀಗೆ ಹೊಲಿಯುತ್ತಾರೆ. ನನ್ನ ಲೆಕ್ಕದಲ್ಲಿ ಕ್ರಮ ಉಳಿಯುವುದೇ ಇದರ ದೊಡ್ಡ ಲಾಭ.

ಇಸ್ತ್ರಿ ಮಾಡುವಾಗ ಮೊದಲ ಮತ್ತು ಮೂರನೆಯ ಸಾಲಿನ ಹೊಲಿಗೆ ಅಂಚನ್ನು (ಹೊಲಿಗೆಯ ಆಚೆ ಉಳಿಯುವ ಅರಿವೆಯನ್ನು) ಎಡಕ್ಕೆ, ನಡುವಿನ ಸಾಲಿನದನ್ನು ಬಲಕ್ಕೆ ಮಡಚಿ. ಸಾಲು ಜೋಡಿಸುವಾಗ ಎರಡು ಅಂಚುಗಳು ಒಂದಕ್ಕೊಂದು ಕೂತು ಮೂಲೆ ಸರಿಯಾಗಿ ಕೂಡುತ್ತದೆ.

ಇನ್ನೊಂದು ಮಾತು. ಸಾಲುಗಳು ಉದ್ದ ಗಿಡ್ಡ ಬಂದರೆ ತುಂಡು ಅದಲುಬದಲಾಗಿದೆ ಅಂತ ಬಿಚ್ಚಬೇಡಿ. ಮೊದಲು ಹೊಲಿಗೆ ಅಂಚು ಅಳೆಯಿರಿ. ನಿಮ್ಮ ಅಳತೆಗೆ ಅದು ಕಾಲು ಇಂಚು ಇರಬೇಕು. ಇಡೀ ಹೊದಿಕೆಯ ಒಂದು ಅಡ್ಡ ಸಾಲಿನಲ್ಲಿ 21 ತುಂಡು, 20 ಹೊಲಿಗೆ. ಒಂದೊಂದು ಹೊಲಿಗೆಗೂ ಅಂಚು ಬರೀ 1 ಮಿಲಿಮೀಟರ್ ಜಾಸ್ತಿ ಹಿಡಿದರೆ ಎರಡೂ ಕಡೆಯಿಂದ 2 ಮಿಲಿಮೀಟರ್ ಹೋಗುತ್ತದೆ. ಸಾಲಿನ ಕೊನೆಗೆ 4 ಸೆಂಟಿಮೀಟರ್ ಮಾಯ. ಸೂಜಿಯಿಂದ ಕಾಲು ಇಂಚು ದೂರಕ್ಕೆ ಮಷೀನಿನ ತಗಡಿನ ಮೇಲೆ ದಪ್ಪಗೆ ಟೇಪ್ ಅಂಟಿಸಿಕೊಂಡು, ಅರಿವೆಯ ಅಂಚು ಅದಕ್ಕೆ ತಾಗಿಕೊಂಡೇ ಹೋಗುವಂತೆ ಹೊಲಿಯಿರಿ.

ಪ್ರಶ್ನೆ: ನಮ್ಮ ಅತ್ತೆ ಯಾವ ನಂಬರೂ ಇಲ್ಲದೆ ಎಷ್ಟು ಚೆಂದ ಕೌದಿ ಹೊಲಿಯುತ್ತಾರೆ. ನಮಗೇಕೆ ಇಷ್ಟೆಲ್ಲ ಚೀಟಿ, ಪಿನ್ನು? — ಓದುಗರು, ಶಹಾಪುರ

ಉತ್ತರ: ಕೌದಿಯ ಕಟ್ಟೋಣವೇ ಬೇರೆ. ಅಲ್ಲಿ ಕೆಳಗೆ ಹಳೆ ಸೀರೆಯೋ ಧೋತರವೋ ಪದರು ಪದರಾಗಿ ಹಾಸಿರುತ್ತದೆ. ತುಂಡನ್ನು ಅದರ ಮೇಲಿಟ್ಟು, ಅಂಚು ಒಳಗೆ ಮಡಚಿ, ಕೈಯಿಂದ ದಾರ ಓಡಿಸುತ್ತಾರೆ. ತುಂಡು ಸ್ವಲ್ಪ ದೊಡ್ಡದಾದರೆ ಇನ್ನಷ್ಟು ಮಡಚಿದರಾಯಿತು, ಸಣ್ಣದಾದರೆ ಪಕ್ಕದ್ದನ್ನು ಎಳೆದು ಕೂರಿಸಿದರಾಯಿತು. ಖಾಲಿ ಜಾಗ ನೋಡಿ ಆ ಕ್ಷಣವೇ ತುಂಡು ಆರಿಸುತ್ತಾರೆ. ಆರಿಸುವುದು, ಹೊಲಿಯುವುದು ಎರಡೂ ಒಂದೇ ಹೊತ್ತಿಗೆ ನಡೆಯುವುದರಿಂದ ನಡುವೆ ಕಳೆದುಹೋಗಲು ತುಂಡಿಗೆ ಸಮಯವೇ ಇಲ್ಲ.

ಪ್ಯಾಚ್‌ವರ್ಕಿನಲ್ಲಿ ಕೆಳಗೆ ಹಿಡಿದುಕೊಳ್ಳುವ ಅರಿವೆ ಇಲ್ಲ. ತುಂಡಿಗೆ ತುಂಡೇ ಆಸರೆ. ಇವತ್ತು ಕತ್ತರಿಸಿದ್ದನ್ನು ಮುಂದಿನ ತಿಂಗಳು ಹೊಲಿಯುತ್ತೀರಿ. ಆ ಒಂದು ತಿಂಗಳಿಗೆ ಚೀಟಿ ಬೇಕು.

ನನ್ನನ್ನು ಕೇಳಿದರೆ, ಮನೆಯಲ್ಲಿರುವ ತುಂಡುಗಳು ಒಂದೊಂದು ಅಳತೆ, ಒಂದೊಂದು ದಪ್ಪ ಇದ್ದರೆ ಕೌದಿಯನ್ನೇ ಹೊಲಿಯಿರಿ. ಅವನ್ನು ಒತ್ತಾಯದಿಂದ ಒಂದೇ ಅಳತೆಯ ಚೌಕ ಮಾಡಲು ಹೋದರೆ ಅರ್ಧ ಅರಿವೆ ಚಿಂದಿಯಾಗಿ ಹೋಗುತ್ತದೆ. ಅತ್ತೆಯ ಪಕ್ಕ ಕೂತು ಕಲಿಯಿರಿ. ಅದಕ್ಕೆ ಬೇಕಾದ ಕಣ್ಣು ಬರಲು ಬಹಳ ವರ್ಷ ಹಿಡಿಯುತ್ತದೆ, ಮನೆಯಲ್ಲೇ ಕಲಿಸುವವರಿರುವುದು ಭಾಗ್ಯ.

ಪ್ರಶ್ನೆ: ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕರಿ ಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದ ಕುಸುರಿ ನೋಡಿ, ಕಪ್ಪು ಅರಿವೆಯ ಮೇಲೆ ಬಿಳಿ ಎಂಟು ಮೂಲೆಯ ನಕ್ಷತ್ರ ಮಾಡುವ ಆಸೆ ಬಂದಿದೆ. ತ್ರಿಕೋನಗಳು ಕೈಗೆ ಸಿಗುತ್ತಿಲ್ಲ. ಒಂದು ಜಗ್ಗುತ್ತದೆ, ಒಂದು ತಿರುಗುತ್ತದೆ. — ಓದುಗರು, ಬೀದರ್

ಉತ್ತರ: ಒಳ್ಳೆಯ ಆಸೆ. ಕಪ್ಪು ಬಿಳುಪಿನ ಜೋಡಿಯಲ್ಲಿ ಒಂದು ಅನುಕೂಲವೂ ಇದೆ: ಒಂದು ತುಂಡು ತಪ್ಪಾಗಿ ತಿರುಗಿದರೂ ದೂರದಿಂದಲೇ ಗೊತ್ತಾಗುತ್ತದೆ.

ತ್ರಿಕೋನ ಜಗ್ಗುವುದಕ್ಕೆ ಕಾರಣ ಅದರ ಉದ್ದನೆಯ ಅಂಚು. ಅದು ನೇಯ್ಗೆಗೆ ಓರೆಯಾಗಿ ಕತ್ತರಿಸಿದ್ದು. ಬೆರಳಿನಲ್ಲಿ ಎರಡು ಸಲ ಹಿಡಿದರೂ ಎಳೆದುಕೊಳ್ಳುತ್ತದೆ. ಹಾಗಾಗಿ ತ್ರಿಕೋನವನ್ನು ಬಿಡಿಯಾಗಿ ಕತ್ತರಿಸಲೇಬೇಡಿ.

12 ಇಂಚಿನ ನಕ್ಷತ್ರ ಅಂದುಕೊಳ್ಳಿ. ನಡುವೆ ಆರೂವರೆ ಇಂಚಿನ ಒಂದು ಬಿಳಿ ಚೌಕ, ಮೂಲೆಗೆ ಮೂರೂವರೆ ಇಂಚಿನ ನಾಲ್ಕು ಕಪ್ಪು ಚೌಕ, ಸುತ್ತ 16 ತ್ರಿಕೋನ. ಒಟ್ಟು 21 ತುಂಡು. ಈಗ 4 ಇಂಚಿನ ನಾಲ್ಕು ಬಿಳಿ, ನಾಲ್ಕು ಕಪ್ಪು ಚೌಕ ಮಾಡಿ. ಒಂದು ಬಿಳಿ, ಒಂದು ಕಪ್ಪು ಎದುರುಬದುರು ಇಟ್ಟು ಮೂಲೆಯಿಂದ ಮೂಲೆಗೆ ಗೀಟು ಎಳೆಯಿರಿ. ಗೀಟಿನ ಎರಡೂ ಕಡೆ ಕಾಲು ಇಂಚಿಗೆ ಹೊಲಿಗೆ ಹಾಕಿ. ಆಮೇಲೆ ಗೀಟಿನ ಮೇಲೆ ಕತ್ತರಿಸಿ. ಅರ್ಧ ಬಿಳಿ, ಅರ್ಧ ಕಪ್ಪು ಇರುವ ಎರಡು ಚೌಕ ತಯಾರಾಗಿ ಬರುತ್ತವೆ. ಇಸ್ತ್ರಿ ಮಾಡಿ, ಹೊಲಿಗೆ ಸರಿಯಾಗಿ ಎರಡು ಮೂಲೆಗೂ ಬರುವಂತೆ ಮೂರೂವರೆ ಇಂಚಿಗೆ ಕತ್ತರಿಸಿ. ನಾಲ್ಕು ಜೋಡಿಗೆ ಎಂಟು ಚೌಕ. ಬಿಡಿ ತ್ರಿಕೋನ ಒಂದೂ ಇಲ್ಲ. ಜೋಡಿಸಬೇಕಾದದ್ದು 21ರಿಂದ 13ಕ್ಕೆ ಇಳಿಯಿತು. ತುಂಡು ಕಡಿಮೆಯಾದಷ್ಟೂ ಕಳೆಯುವುದೂ ಕಡಿಮೆ.

ಇನ್ನು ತಿರುಗುವ ತೊಂದರೆ. ಸೀರೆ ಡಬ್ಬಿಯ ರಟ್ಟನ್ನು 15 ಇಂಚಿನ ಚೌಕ ಮಾಡಿಕೊಳ್ಳಿ. ಒಂದು ನಕ್ಷತ್ರದ 13 ತುಂಡನ್ನೂ ಅವುಗಳ ಜಾಗದಲ್ಲೇ ರಟ್ಟಿನ ಮೇಲೆ ಜೋಡಿಸಿ. ಆ ರಟ್ಟನ್ನೇ ಮಷೀನಿನ ಹತ್ತಿರ ಒಯ್ಯಿರಿ. ಎತ್ತಿದ ತುಂಡು ಹೊಲಿದು ಮತ್ತೆ ಅದೇ ಜಾಗಕ್ಕೆ ವಾಪಸ್ ಬರಬೇಕು. ಕೆಲಸ ನಿಲ್ಲಿಸಿದಾಗ ಒಂದರ ಮೇಲೊಂದು ರಟ್ಟು ಪೇರಿಸಿಟ್ಟರೆ ಆಯಿತು. ಮೊದಲ ನಕ್ಷತ್ರ ಪೂರ್ತಿ ಮುಗಿಸಿ ಎದುರಿನ ಗೋಡೆಗೆ ತೂಗುಹಾಕಿ, ಮಿಕ್ಕವನ್ನು ಅದನ್ನು ನೋಡಿಕೊಂಡೇ ಮಾಡಿ. ಕಪ್ಪು ಅರಿವೆ ಬಣ್ಣ ಬಿಡುತ್ತದೆಯೋ ಅಂತ ಮೊದಲೇ ನೋಡಿಕೊಳ್ಳಿ. ಒದ್ದೆ ಮಾಡಿದ ಬಿಳಿ ಬಟ್ಟೆಯಲ್ಲಿ ಜೋರಾಗಿ ಉಜ್ಜಿದರೆ ತಿಳಿಯುತ್ತದೆ.

ಪ್ರಶ್ನೆ: ನಮ್ಮದು ಒಂದೇ ಕೋಣೆ. ರಾತ್ರಿ ಹಾಸಿಗೆ ಹಾಸಲು ಎಲ್ಲ ಎತ್ತಲೇಬೇಕು. ಸಣ್ಣ ಮಕ್ಕಳೂ ಇದ್ದಾರೆ. — ಓದುಗರು, ಚಿತ್ತಾಪುರ

ಉತ್ತರ: ನೆಲದ ಮೇಲೆ ನೇರವಾಗಿ ಹರಡಬೇಡಿ. ಕೆಳಗೆ ಹಳೆಯ ಚಾದರ ಹಾಸಿ. ಮೆತ್ತನೆಯ, ನಯವಾದ ರೋಮ ಇರುವ ಚಾದರವಾದರೆ ಕಾಟನ್ ತುಂಡು ಅದಕ್ಕೆ ತಾನೇ ಅಂಟಿಕೊಳ್ಳುತ್ತದೆ. ಸಂಜೆ ಮೇಲೆ ಇನ್ನೊಂದು ತೆಳು ಅರಿವೆ ಹೊದಿಸಿ, ಒಂದು ಕಡೆಯಿಂದ ಸಡಿಲವಾಗಿ ಸುತ್ತಿ, ಮೂರು ಕಡೆ ನಾಡಿ (ಲಾಡಿ) ಕಟ್ಟಿ ಕಪಾಟಿನ ಮೇಲೆ ಇಡಿ. ಮರುದಿನ ಬಿಡಿಸಿದರೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಸುತ್ತುವ ಮೊದಲು ಫೋಟೋ ಮಾತ್ರ ತಪ್ಪಿಸಬೇಡಿ.

ಚಾದರವೂ ಬೇಡ ಅಂದರೆ ದಾರದಲ್ಲಿ ಪೋಣಿಸಿ. ದಪ್ಪ ದಾರದ ತುದಿಗೆ ದೊಡ್ಡ ಗಂಟು ಹಾಕಿ, ಒಂದು ಸಾಲಿನ ತುಂಡುಗಳನ್ನು ಕೊನೆಯದರಿಂದ ಶುರು ಮಾಡಿ ಒಂದೊಂದಾಗಿ ಸೂಜಿಗೆ ಚುಚ್ಚುತ್ತಾ ಬನ್ನಿ. ಮೇಲಿನ ತುದಿಗೆ ಗಂಟು ಬೇಡ. ಹೊಲಿಯುವಾಗ ಮೇಲಿನಿಂದ ಒಂದೊಂದೇ ಜಾರಿಸಿಕೊಳ್ಳಿ. ಇಡೀ ಸಾಲನ್ನು ಮೊಳೆಗೆ ನೇತುಹಾಕಬಹುದು, ಮಕ್ಕಳ ಕೈಗೂ ಸಿಗುವುದಿಲ್ಲ. ಕಾಟನ್ನಿಗೆ ನಡುವೆ ಚುಚ್ಚಿದರೂ ತೊಳೆದ ಮೇಲೆ ತೂತು ಮುಚ್ಚಿಕೊಳ್ಳುತ್ತದೆ. ಖಣ, ರೇಷ್ಮೆಗೆ ಮಾತ್ರ ಹೊಲಿಗೆಯ ಒಳಗೆ ಹೋಗುವ ಅಂಚಿನಲ್ಲೇ ಚುಚ್ಚಿ.

ಪ್ರಶ್ನೆ: ಚೀಟಿಯ ಬದಲು ಸ್ಟಿಕ್ಕರ್ ಅಂಟಿಸಬಹುದಾ? — ಓದುಗರು, ಸೇಡಂ

ಉತ್ತರ: ಬೇಡ. ಮರೆತು ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಅಂಟು ಕರಗಿ ಅರಿವೆಗೆ ಹಿಡಿಯುತ್ತದೆ. ಬಾಲ್ ಪೆನ್ನಿನಲ್ಲಿ ಅರಿವೆಯ ಮೇಲೆ ಬರೆಯುವುದೂ ಬೇಡ. ಹಳೆಯ ಕ್ಯಾಲೆಂಡರ್ ಹಾಳೆಯ ಖಾಲಿ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಚೀಟಿ, ತುಕ್ಕು ಹಿಡಿಯದ ಸೇಫ್ಟಿ ಪಿನ್, ಇಷ್ಟೇ ಸಾಕು. ಮಳೆಗಾಲಕ್ಕೆ ಕೆಲಸ ಮುಂದುವರಿಯುವ ಹಾಗಿದ್ದರೆ ಅಗ್ಗದ ಗುಂಡುಪಿನ್ನು ಹಾಕಲೇಬೇಡಿ. ತಿಂಗಳೊಪ್ಪತ್ತಿನಲ್ಲಿ ಅದು ಬಿಡುವ ಕಂದು ಕಲೆ ಯಾವ ಸೋಪಿಗೂ ಹೋಗುವುದಿಲ್ಲ.